ಗೋಡೆಯ ಮೇಲೆ ಅಕ್ಕನ ಹೆಸರು

ನಮ್ಮ ಮೊಂತೆಸ್ಪೀನೊದಲ್ಲಿ ಯಾರಾದರೂ ಸತ್ತರೆ ಮನೆಯವರು ಮೊದಲು ನನ್ನ ಅಂಗಡಿಗೆ ಬರುತ್ತಾರೆ, ಪಾದ್ರಿಯ ಹತ್ತಿರ ಹೋಗುವುದು ಆಮೇಲೆ. ಕಪ್ಪು ಅಂಚಿನ ಹಾಳೆಯಲ್ಲಿ ಸತ್ತವರ ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು ಅಚ್ಚು ಹಾಕಿ, ಹಿಟ್ಟಿನ ಅಂಟು ಬಳಿದು ಊರ ಗೋಡೆಗಳಿಗೆಲ್ಲ ನಾನೇ ಅಂಟಿಸುತ್ತೇನೆ. ಜನ ಅದನ್ನು ಓದಿ ಚರ್ಚಿಗೆ ಬರುತ್ತಾರೆ. ಹೆಸರಿನ ಕೆಳಗೆ ಅಡ್ಡಹೆಸರು ಮಾತ್ರ ಇರಲೇಬೇಕು. ಊರಿನ ಅರ್ಧ ಗಂಡಸರು ರೊಕ್ಕೊಗಳು, ಅರ್ಧ ಮನೆಗಳು ಪಾಸ್ಕ್ವಾರೆಲ್ಲಿಗಳು. ರೊಕ್ಕೊ ಪಾಸ್ಕ್ವಾರೆಲ್ಲಿ ಸತ್ತ ಅಂದರೆ ಯಾರೂ ತಲೆ ಎತ್ತುವುದಿಲ್ಲ. 'ಮೂರುಹಲ್ಲು' ಸತ್ತ ಅಂದರೆ ಊರೇ ಎದ್ದು ಬರುತ್ತದೆ. ನಾನು ಸವೇರಿಯೊ ಪಾಸ್ಕ್ವಾರೆಲ್ಲಿ, ಆದರೆ ಹಾಗಂತ ಕೇಳಿದರೆ ನನ್ನ ಮನೆ ಯಾರೂ ತೋರಿಸುವುದಿಲ್ಲ. ನಾನು 'ಮಸಿಕೈ'.

ನನ್ನ ಅಕ್ಕ ಮಿಕೆಲೀನಾಳ ಅಡ್ಡಹೆಸರು ಮಾತ್ರ ಊರು ಇಟ್ಟದ್ದಲ್ಲ. ಅದನ್ನು ಇಟ್ಟವರು ದೊನ್ ಇಪ್ಪೊಲಿತೊ ಕಾರ್ದೊನೆ. ನಮ್ಮೂರ ಔಷಧಿ ಅಂಗಡಿಯವರ ಮಗ, ರೋಮಿಗೆ ಹೋಗಿ ಕಾದಂಬರಿ ಬರೆದು ದೇಶಕ್ಕೆಲ್ಲ ದೊಡ್ಡವರಾದವರು. ಈಗ ಶಾಲೆಗೆ ಅವರ ಹೆಸರು, ಚೌಕಕ್ಕೆ ಅವರ ಹೆಸರು, ಕಾಫಿ ಅಂಗಡಿಯ ಬಾದಾಮಿ ಬಿಸ್ಕತ್ತಿಗೂ ಅವರದೇ ಹೆಸರು. ಅವರು ತೀರಿಕೊಂಡಾಗ ನನ್ನ ಜೀವಮಾನದ ಅತಿ ದೊಡ್ಡ ಹಾಳೆ ಅಚ್ಚು ಹಾಕಿದೆ. ಮಂತ್ರಿಗಳು ಬಂದಿದ್ದರು. ಒಳ್ಳೆಯ ಮನುಷ್ಯ, ಇಲ್ಲ ಅನ್ನುವುದಿಲ್ಲ. ಆದರೂ ಆ ಬಿಸ್ಕತ್ತನ್ನು ನಾನು ಇವತ್ತಿಗೂ ಬಾಯಿಗೆ ಹಾಕಿಲ್ಲ.

ಅವರು ಬೇಸಿಗೆಗೆ ಊರಿಗೆ ಬಂದಾಗ ನನ್ನ ಅಂಗಡಿಯಲ್ಲಿ ಕೂತು ಹಳೇ ಸಂಗತಿ ಕೆದಕುತ್ತಿದ್ದರು. ನನಗಾಗ ಇಪ್ಪತ್ತೊಂದು. ಅಷ್ಟು ದೊಡ್ಡವರು ನನ್ನ ಮಾತಿಗೆ ಕಿವಿಗೊಡುತ್ತಾರಲ್ಲ ಅಂತ ನನಗೆ ನೆಲ ಕಾಣುತ್ತಿರಲಿಲ್ಲ. ಒಂದು ದಿನ ಅಕ್ಕನ ಕಥೆ ಹೇಳಿದೆ. ಯುದ್ಧದ ಕಾಲದಲ್ಲಿ ಅವಳು ಮದುವೆಯಾಗಬೇಕಿದ್ದ ನಿಕಾಂದ್ರೊ ಸೈನ್ಯ ಬಿಟ್ಟು ಓಡಿ ಬಂದಿದ್ದ. ಹನ್ನೊಂದು ದಿನ ಅವನನ್ನು, ತಾನು ಊರಿಗೆ ಬ್ರೆಡ್ ಸುಡುತ್ತಿದ್ದ ನಮ್ಮ ಒಲೆಯ ಹಿಂದಿನ ಗೂಡಿನಲ್ಲಿ ಬಚ್ಚಿಟ್ಟು ತನ್ನ ಪಾಲಿನದನ್ನು ತಿನ್ನಿಸಿದಳು. ಹನ್ನೆರಡನೇ ದಿನ ಸೈನಿಕರು ಬಂದು ಎಳೆದುಕೊಂಡು ಹೋದರು. ಯಾರು ಸುಳಿವು ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಅವನು ತಿರುಗಿ ಬರಲಿಲ್ಲ. ಅವಳು ಕಪ್ಪು ಉಟ್ಟವಳು ಮತ್ತೆ ಬಿಚ್ಚಲಿಲ್ಲ.

ಇಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ದೊನ್ ಇಪ್ಪೊಲಿತೊ ಆಕಳಿಸಿದರು. ನನಗೆ ಅವಮಾನವಾಯಿತು. ಕಥೆಗೆ ರುಚಿ ಬರಲಿ ಅಂತ, ಮಾರನೇ ದಿನ ನಮ್ಮ ಬಾಗಿಲಲ್ಲಿ ಒಂದು ಚೀಲ ಗೋಧಿ ಹಿಟ್ಟು ಇತ್ತು ಅಂದುಬಿಟ್ಟೆ. ಎಲ್ಲಿಯ ಹಿಟ್ಟು, ಎಂಥ ಚೀಲ! ಅವರು ತಟ್ಟನೆ ಎದ್ದು ಕೂತು ಬರೆದುಕೊಳ್ಳುವ ಪುಸ್ತಕ ತೆಗೆದರು.

ಎರಡು ವರ್ಷಕ್ಕೆ ಕಾದಂಬರಿ ಬಂತು. ಅದರಲ್ಲಿ 'ಕಾಗೆ' ಅನ್ನುವ ಒಬ್ಬ ಹೆಂಗಸು. ಬ್ರೆಡ್ ಸುಡುವವಳು, ಯಾವಾಗಲೂ ಕಪ್ಪು ಬಟ್ಟೆ, ಒಂದು ಚೀಲ ಹಿಟ್ಟಿಗೆ ತನ್ನ ಗಂಡಸನ್ನು ಸೈನಿಕರಿಗೆ ಮಾರಿದವಳು. ಶಾಲೆಯಲ್ಲಿ ಪಾಠವಾಯಿತು. ಮಕ್ಕಳು ಓದಿ ಬಂದು ನಮ್ಮ ಒಲೆಯ ಮುಂದೆ ಕಾ ಕಾ ಅನ್ನುತ್ತಿದ್ದವು. ವರ್ಷ ಕಳೆದಂತೆ ಅದರಲ್ಲಿ ಕೆಟ್ಟತನವೂ ಉಳಿಯಲಿಲ್ಲ. ಅವಳು ನಮ್ಮೂರ ಹೆಮ್ಮೆಯಾದಳು. ದೂರದಿಂದ ಬಂದವರು ಅವಳ ಪಕ್ಕ ನಿಂತು ಫೋಟೊ ಹೊಡೆಸಿಕೊಂಡರು. ಒಲೆಯ ಗೋಡೆಗೆ 'ಕಾಗೆಯ ಮನೆ' ಅಂತ ನಗರಸಭೆಯವರು ಕಲ್ಲು ಕೂರಿಸಿದರು. ಮಿಕೆಲೀನಾ ಅನ್ನುವ ಹೆಸರು ನನ್ನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅಕ್ಕ ಒಂದೇ ಒಂದು ಸಲ ದೊನ್ ಇಪ್ಪೊಲಿತೊ ಅವರನ್ನು ಬೀದಿಯಲ್ಲಿ ತಡೆದು ಕೇಳಿದಳು. "ಅದು ನೀನಲ್ಲಮ್ಮ, ಅದು ಕಾದಂಬರಿ," ಅಂದರು ಅವರು. "ಹಂಗಾದ್ರೆ ಅದನ್ನ ಊರಿಗೆ ಹೇಳಿ ಸ್ವಾಮಿ," ಅಂದಳು ಇವಳು. ಅವರು ಟೋಪಿ ಎತ್ತಿ ನಮಸ್ಕಾರ ಮಾಡಿ ಹೊರಟುಹೋದರು.

ಕೊನೆಯ ಮೂರು ವರ್ಷ ಅವಳು ಕೆಳಗಿನ ಕಣಿವೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಮುದುಕಿಯರ ಆಶ್ರಮದಲ್ಲಿದ್ದಳು. ಭಾನುವಾರ ಬಸ್ಸಿನಲ್ಲಿ ಹೋಗಿ ಸೋಂಪು ಹಾಕಿದ ಒಣ ಬ್ರೆಡ್ಡು ಕೊಟ್ಟು ಬರುತ್ತಿದ್ದೆ. ಕಳೆದ ನವೆಂಬರಿನಲ್ಲಿ ಹೋದಾಗ ಬ್ರೆಡ್ಡು ಮುಟ್ಟಲಿಲ್ಲ. ನನ್ನ ಕೈ ಹಿಡಿದು, ಮಸಿ ಹತ್ತಿದ ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ನನ್ನ ಹಾಳೇಲಿ ನನ್ನ ಹೆಸರು ಮಾತ್ರ ಹಾಕು, ತಮ್ಮಾ. ಆ ಇನ್ನೊಂದು ಬೇಡ."

ಅದೇನು ಈಗ ಸಾಯುವ ಮಾತು ಅಂತ ನಾನು ಗದರಿದೆ.

"ಹಿಟ್ಟಿನ ಮಾತು ಹೇಳಿದ್ದು ನೀನೇ ಅಂತ ನಂಗೆ ಮೊದಲಿಂದ್ಲೂ ಗೊತ್ತು ಕಣೋ. ಆ ಚೀಲದ ಕಥೆ ಇನ್ಯಾರಿಗೆ ಹೊಳೆಯತ್ತೆ? ಬೈಯೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಇರೋನು ಒಬ್ಬ ತಮ್ಮ. ಇದೊಂದು ಮಾಡು, ಸಾಕು."

ನಲವತ್ತೈದು ವರ್ಷ ನನಗೆ ಊಟ ಬಡಿಸಿದ್ದಾಳೆ, ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಮುದುಕ ನಾನು, ಆ ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡು ಅತ್ತೆ. ಅವಳ ತಲೆ ಮುಟ್ಟಿ ಮಾತು ಕೊಟ್ಟೆ.

ಒಂಬತ್ತು ದಿನಕ್ಕೆ ಹೋಗಿಬಿಟ್ಟಳು. ಹಾಳೆ ಅಚ್ಚು ಹಾಕಿದೆ. ಮಿಕೆಲೀನಾ ಪಾಸ್ಕ್ವಾರೆಲ್ಲಿ, ಎಪ್ಪತ್ತಾರು ವರ್ಷ, ತಮ್ಮ ಸವೇರಿಯೊ ದುಃಖದಿಂದ ತಿಳಿಸುತ್ತಾನೆ, ನಾಳೆ ಮಧ್ಯಾಹ್ನ ಮೂರಕ್ಕೆ. ಹೆಸರಿನ ಕೆಳಗೆ ಜಾಗ ಖಾಲಿ ಬಿಟ್ಟೆ. ನಲವತ್ತು ಗೋಡೆಗೆ ಅಂಟಿಸಿದೆ. ಜನ ನಿಂತು ಓದಿದರು. ಪಾಪ, ಯಾರೋ ಕಣಿವೆಯ ಕಡೆಯವಳಿರಬೇಕು ಅಂದರು. ವಾರಕ್ಕೆ ಎರಡು ಸಲ ನನ್ನನ್ನು ಅಂಟಿನ ಬಕೆಟ್ಟಿನ ಜೊತೆ ನೋಡುವವರು, ಈ ಸಲ ಅದು ನನ್ನ ಅಕ್ಕ ಅಂತ ಯಾಕೆ ತಿಳಿದಾರು?

ಹೆಣ ಆಶ್ರಮದಿಂದ ನೇರ ಚರ್ಚಿಗೇ ಬಂತು. ಮೂರು ಗಂಟೆಗೆ ಒಳಗೆ ನಾನು, ಆಶ್ರಮದ ಒಬ್ಬ ಸನ್ಯಾಸಿನಿ, ಪೆಟ್ಟಿಗೆ ಹೊತ್ತ ನಾಲ್ವರು. ಅಷ್ಟೇ. ಹೊಸ ಪಾದ್ರಿ ಗಡಿಯಾರ ನೋಡಿ, ಇನ್ನು ಹತ್ತು ನಿಮಿಷ ಕಾಯೋಣ ಅಂದರು. ಸಾಲು ಸಾಲು ಖಾಲಿ ಬೆಂಚು. ಯಾವ ಕಳ್ಳನಿಗೂ ನಮ್ಮೂರಲ್ಲಿ ಇಂಥ ಸಾವು ಬಂದಿಲ್ಲ. ಮೂರುಹಲ್ಲಿಗೇ ಇನ್ನೂರು ಜನ ಸೇರಿದ್ದರು. ಎದುರಿನ ಚೌಕದಲ್ಲಿ ಇಸ್ಪೀಟು ಆಡುವವರ ನಗು ಕೇಳಿಸುತ್ತಿತ್ತು. ಅಕ್ಕನನ್ನು ಹೀಗೆ ಬೆಕ್ಕನ್ನು ಹೂತ ಹಾಗೆ ಹೂಳಬೇಕೇ?

ಎದ್ದು ಹೊರಗೆ ಹೋದೆ. ಚರ್ಚಿನ ಬಾಗಿಲ ಪಕ್ಕದ ಹಾಳೆಯಲ್ಲಿ, ಖಾಲಿ ಬಿಟ್ಟ ಜಾಗದಲ್ಲಿ, ಜೇಬಿನ ಪೆನ್ನು ತೆಗೆದು 'ಕಾಗೆ' ಅಂತ ಬರೆದೆ. ನನ್ನ ಕೈಯಾರೆ, ದಪ್ಪಕ್ಷರದಲ್ಲಿ.

ನಾನು ಬರೆಯುವುದು ಕಂಡು ಇಸ್ಪೀಟಿನವನೊಬ್ಬ ಬಂದು ಓದಿ, ಚೌಕಕ್ಕೆಲ್ಲ ಕೇಳುವಂತೆ ಕೂಗಿದ. ಕಾಲು ಗಂಟೆಯಲ್ಲಿ ಚರ್ಚು ತುಂಬಿತು. ಇಸ್ಪೀಟು ಬಿಟ್ಟು ಬಂದರು, ಅಂಗಡಿ ಮುಚ್ಚಿ ಬಂದರು, ಮೇಷ್ಟರು ಮಕ್ಕಳನ್ನು ಸಾಲಾಗಿ ಕರೆತಂದರು. ಎಷ್ಟೋ ಹೆಂಗಸರು ನಿಜವಾಗಿಯೂ ಅತ್ತರು. ಅರೇ ಮಸಿಕೈ, ನಮ್ಮ ಕಾಗೆ ಅಂತ ಮೊದಲೇ ಬರೆಯಬಾರದಿತ್ತೇ ಅಂತ ನನ್ನನ್ನೇ ಬೈದರು. ನನಗೆ ಒಂದು ಗಳಿಗೆ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆಗ ಮೇಯರು ಎದ್ದರು. ಜೇಬಿನಿಂದ ಆ ಕಾದಂಬರಿ ತೆಗೆದು, ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟು, ಗಂಟಲು ಸರಿಮಾಡಿಕೊಂಡು, ಹಿಟ್ಟಿನ ಚೀಲದ ಪುಟವನ್ನು ಪೂರ್ತಿ ಓದಿದರು. ಮಕ್ಕಳಿಗೆ ಅದು ಬಾಯಿಪಾಠ. ಅವೂ ಮೆಲ್ಲಗೆ ಜೊತೆಗೂಡಿದವು. ತನ್ನ ಗಂಡಸನ್ನು ಮಾರಿದವಳು ಅನ್ನಿಸಿಕೊಂಡೇ ನನ್ನ ಅಕ್ಕ ದೇವರ ಮುಂದೆಯೂ ಮಲಗಿದ್ದಳು. ಸುಳ್ಳು, ಚೀಲ ಇರಲಿಲ್ಲ, ಚೀಲ ಕಟ್ಟಿದವನು ನಾನು ಅಂತ ಕೂಗಬೇಕು ಅಂದುಕೊಂಡೆ. ಎದ್ದು ನಿಲ್ಲದೆ, ಕೊನೆಯ ಸಾಲಿನವರೆಗೂ ಕೂತೇ ಕೇಳಿದೆ. ಜನ ಚಪ್ಪಾಳೆ ತಟ್ಟಿ ಅವಳನ್ನು ಕಳಿಸಿಕೊಟ್ಟರು.

ನಮ್ಮಲ್ಲಿ ಮೂವತ್ತನೇ ದಿನದ ಪೂಜೆಗೆ ಇನ್ನೊಂದು ಹಾಳೆ ಹಾಕುವುದುಂಟು. ಮೊನ್ನೆ ಅಚ್ಚು ಹಾಕಿದೆ. ಮಿಕೆಲೀನಾ ಪಾಸ್ಕ್ವಾರೆಲ್ಲಿ, ಅಷ್ಟೇ. ಅದರ ಕೆಳಗೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಸಣ್ಣಕ್ಷರದಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದೆ. 'ನಿಕಾಂದ್ರೊನನ್ನು ಇವಳು ಹನ್ನೊಂದು ದಿನ ಸಾಕಿದಳು; ಹಿಟ್ಟಿನ ಮಾತು ಇವಳ ತಮ್ಮ ಹೇಳಿದ ಸುಳ್ಳು.' ಹಗಲಲ್ಲೇ, ಎಲ್ಲರೂ ನೋಡುವಾಗಲೇ, ನಲವತ್ತೂ ಗೋಡೆಗೆ ಅಂಟಿಸಿದೆ.

ಮೇಷ್ಟರು ಓದಿ, ಮುದುಕನಿಗೆ ದುಃಖಕ್ಕೆ ತಲೆ ಕೆಟ್ಟಿದೆ ಅಂದರಂತೆ. ಬೇರೆಯವರು ಓದಿ ಮತ್ತೆ ಇಸ್ಪೀಟಿಗೆ ಕೂತರು.

ಇವತ್ತು ಬೆಳಿಗ್ಗೆ ಪೂಜೆಗೆ ಪಾದ್ರಿ ಮತ್ತು ನಾನು, ಇಬ್ಬರೇ. ಹತ್ತು ನಿಮಿಷ ಕಾಯೋಣವೇ ಅಂತ ಅವರು ಕೇಳಿದರು. ಬೇಡ, ಶುರು ಮಾಡಿ ಅಂದೆ. ಪೆನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.