ಗುರುವಾರದ ಅಂಗಿ

ಸತ್ತ ಮಗನ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಯವನು ಕಾದ ಪೆಟ್ಟಿಗೆ ಎಳೆದ. ಗಿರಾಕಿಗಳ ಬಟ್ಟೆ ಮುಗಿದ ಮೇಲೆ ಪ್ರತಿ ಗುರುವಾರ ಈ ಒಂದು ಅಂಗಿ. ಅದನ್ನು ಮನೆಗೆ ಒಯ್ದು, ಹೆಂಡತಿಯ ಮಂಚದ ಎದುರಿನ ಮೊಳೆಗೆ ಹಾಕಿ, ಊರಾಚೆ ಕೆಲಸಕ್ಕೆ ಹೋದ ಮಗ ನಾಳೆ ಶುಕ್ರವಾರದ ನಮಾಜಿನ ಹೊತ್ತಿಗೆ ಬರುತ್ತಾನೆ ಎನ್ನುತ್ತಿದ್ದ. ಶನಿವಾರ, ರಜೆ ಸಿಗಲಿಲ್ಲವಂತೆ ಎಂದು ಇನ್ನೊಂದು ಸುಳ್ಳು. ಅವಳಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದಿದ್ದರು ಡಾಕ್ಟರು. ಪಾರ್ಶ್ವವಾಯು ಹೊಡೆದು ಅವಳ ಮಾತು ನಿಂತು ಏಳು ತಿಂಗಳಾಗಿತ್ತು.

ಏಳು ತಿಂಗಳ ಹಿಂದಿನ ಆ ದಿನ, ಮಗ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಅವನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದವನು, ದಾರಿಯುದ್ದಕ್ಕೂ ಒಂದೇ ದುವಾ ಮಾಡುತ್ತ ಮನೆಗೆ ಬಂದಿದ್ದ: ಅಲ್ಲಾಹ್, ಈ ಸುದ್ದಿಯನ್ನು ನನ್ನ ಬಾಯಿಂದ ಅವಳಿಗೆ ಹೇಳಿಸಬೇಡ. ಬಾಗಿಲು ತೆರೆದಿತ್ತು. ಅವಳು ಹೊಸ್ತಿಲ ಹತ್ತಿರ ಬಿದ್ದಿದ್ದಳು, ಬಾಯಿ ಓರೆಯಾಗಿತ್ತು.

"ಕೇಳ್ಕೊಂಡಿದ್ದು ನಾನೇ, ಹಜರತ್. ಅವಳ ನಾಲಿಗೆ ಕಿತ್ಕೊಂಡಿದ್ದು ನಾನೇ," ಎಂದು ಅವನು ಇಮಾಮರ ಮುಂದೆ ಒಮ್ಮೆ ಅತ್ತಿದ್ದ. ಕೇಳಿದ್ದನ್ನು ಅಲ್ಲಾಹ್ ಕೊಡಬಹುದು, ಆಖಿರತ್ತಿಗೆಂದು, ಪರಲೋಕಕ್ಕೆಂದು ತೆಗೆದಿಡಬಹುದು, ಬದಲಿಗೆ ಬೇರೊಂದು ಕೇಡನ್ನು ತಪ್ಪಿಸಬಹುದು, ಯಾವುದು ಯಾವುದೆಂದು ವಿಂಗಡಿಸಲು ನೀನ್ಯಾರು ಎಂದರು ಇಮಾಮರು. ತಾವೂ ಇಪ್ಪತ್ತು ವರ್ಷದಿಂದ, ಇವನು ತಮ್ಮ ಜುಬ್ಬಾವನ್ನು ಒಮ್ಮೆಯಾದರೂ ಸುಡದೆ ಕೊಡಲಿ ಎಂದು ಬೇಡುತ್ತಿರುವುದಾಗಿ ಸೇರಿಸಿದರು. ಅವನಿಗೆ ನಗು ಬರಲಿಲ್ಲ.

ಅಂದಿನಿಂದ ಅವಳ ಮಾತು ಮರಳಲಿ ಎಂದು ಐದು ಹೊತ್ತೂ ಕೈಯೆತ್ತುತ್ತಿದ್ದ. ಮರಳಿದರೆ ಅವಳು ಮೊದಲು ಏನು ಕೇಳುತ್ತಾಳೆಂಬುದು ಗೊತ್ತಿತ್ತು. ಆಮೀನ್ ಎಂದು ಅವಸರದಲ್ಲಿ ಮುಗಿಸಿ ಏಳುತ್ತಿದ್ದ.

ಈ ಗುರುವಾರ ಅಂಗಿಯನ್ನು ಮೊಳೆಗೆ ಹಾಕಿ ತಿರುಗುವಷ್ಟರಲ್ಲಿ ಹಿಂದಿನಿಂದ ತೊದಲು ದನಿ ಕೇಳಿತು.

"ರೀ."

ಅವನು ಮಂಚದ ಕಾಲು ಹಿಡಿದು ಕೂತ.

"ಆ ಅಂಗಿ... ಯಾರಿಗಾದ್ರೂ ಕೊಟ್ಬಿಡಿ."

"ನಾಳೆ ಅವನು ಬಂದ್ರೆ ಏನು ಹಾಕ್ಕೊಳ್ತಾನೆ?" ಎಂದ, ಗೋಡೆ ನೋಡುತ್ತ.

ಒಂದೊಂದು ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಿತ್ತು. "ಕಾರ್ಖಾನೆಯೋರು... ಅವತ್ತೇ ಹೇಳಿ ಹೋದ್ರು. ನೀವು ಬರೋ ಮುಂಚೆ."

ಅವನು ಎದ್ದು ಅಂಗಿಯನ್ನು ಇಳಿಸಿದ. ಮೂವತ್ತು ವರ್ಷ ಮಡಚಿದ ಕೈಗೆ ಮಡಿಕೆ ಸಿಗಲಿಲ್ಲ. ಅವಳು ಆಡುತ್ತಿದ್ದ ಒಂದೇ ಕೈಯನ್ನು ಚಾಚಿ ಅಂಗಿಯ ಒಂದು ತೋಳು ಹಿಡಿದುಕೊಂಡಳು. ಇನ್ನೊಂದನ್ನು ಅವನು ಹಿಡಿದ. ಬಟ್ಟೆ ಇನ್ನೂ ಬೆಚ್ಚಗಿತ್ತು.