ಕೆಂಪು ಪಟ್ಟೆಯ ಕೋಟು

ಮೂಡುಬಿದಿರೆಯ ಶಾಂತಿರಾಜ ಧಣಿಗಳ ಲಾಯದಲ್ಲಿ ಚಂದ್ರಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ ಇತ್ತು. ಅದನ್ನು ನೋಡಿಕೊಳ್ಳುವ ಶೀನಪ್ಪನೂ ಹೆಚ್ಚುಕಡಿಮೆ ಅಲ್ಲೇ ಇದ್ದ. ಇಬ್ಬರಲ್ಲಿ ಚೆಂದ ಯಾರು ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ, ಕೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಚಂದ್ರಿಗೆ ದಿನವೂ ಮಾಲೀಸು, ಬೇಯಿಸಿದ ಹುರುಳಿ, ಮೇಲಿಂದ ಬೆಲ್ಲದ ತುಂಡು. ಶೀನಪ್ಪನಿಗೆ ಸೊಂಟಕ್ಕೊಂದು ಮಾಸಿದ ಮುಂಡು, ಹೆಗಲಿಗೊಂದು ಬೈರಾಸು. ಆ ಬೈರಾಸಿನಲ್ಲಿ ಕುದುರೆಯ ಬೆವರು ಒರೆಸುತ್ತಿದ್ದ, ಅದರಲ್ಲೇ ತನ್ನ ಮುಖವನ್ನೂ ಒರೆಸಿಕೊಳ್ಳುತ್ತಿದ್ದ.

ಅವನ ಹೆಂಡತಿ ಕಾಂತಿ ಮೂರು ವರ್ಷದಿಂದ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ತಾಯಿಯ ಮನೆಯಲ್ಲಿದ್ದಳು. ಹೊಡೆತವಿಲ್ಲ, ಕುಡಿತವಿಲ್ಲ, ಜಗಳವೆಂದರೆ ಒಂದೇ ಒಂದು. ಅವಳ ತಂಗಿಯ ಮದುವೆಗೆ ಶೀನಪ್ಪ ತಡವಾಗಿ, ಲಾಯದಿಂದ ನೆಟ್ಟಗೆ, ಉಟ್ಟ ಮುಂಡಿನಲ್ಲೇ ಬಂದು ಪಂಕ್ತಿಯಲ್ಲಿ ಕೂತಿದ್ದ. ಯಾರೋ ನೆಂಟ ದೊಡ್ಡ ದನಿಯಲ್ಲಿ, "ಕುದುರೆ ಎಲ್ಲಿ ಕಟ್ಟಿದ್ರಿ ಭಾವ? ವಾಸನೆ ಚಪ್ಪರದೊಳಗೇ ಉಂಟಲ್ಲ!" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶೀನಪ್ಪನೂ ನಕ್ಕ. ಕಾಂತಿ ನಗಲಿಲ್ಲ.

"ನನಗೋಸ್ಕರ ಒಂದು ದಿನ ಚೆಂದದ ಬಟ್ಟೆ ಹಾಕಿಕೊಂಡು ಬರ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಅವಳು ಸಂಜೆ ಕೇಳಿದಳು.

"ಚಂದ್ರಿಗೆ ಹೊಟ್ಟೆನೋವಿತ್ತು ಮಾರಾಯ್ತಿ."

"ಹಾಗಾದ್ರೆ ಅದರೊಟ್ಟಿಗೇ ಇರಿ."

ಅಷ್ಟೇ. ಆ ಉತ್ತರ ಕೊಟ್ಟ ನಾಲಗೆಯನ್ನು ಶೀನಪ್ಪ ಆಮೇಲೆ ಎಷ್ಟು ಬೈದುಕೊಂಡನೋ. ಹೋಗಿ ಕರೆಯಲು ಅವನಿಗೆ ಮೋರೆಯಿರಲಿಲ್ಲ. ಕರೆಯದೆ ಬರಲು ಅವಳ ಹಟ ಬಿಡಲಿಲ್ಲ. ಕುದುರೆಯ ಮೈ ಉಜ್ಜುತ್ತಿದ್ದಾಗ ಒಮ್ಮೊಮ್ಮೆ ಅವನ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಚಂದ್ರಿ ತಿರುಗಿ ನೋಡಿ ಭುಜಕ್ಕೊಂದು ನೂಕು ಕೊಟ್ಟರೆ ಮತ್ತೆ ಉಜ್ಜುತ್ತಿದ್ದ.

ಹಾಗಿರುವಾಗ ಬೆಳ್ತಂಗಡಿಯಲ್ಲಿ ಜಾನುವಾರು ಪ್ರದರ್ಶನ ಎಂಬ ಸುದ್ದಿ ಬಂತು. ಹೋರಿ, ಕೋಣಗಳ ಜೊತೆ ಕುದುರೆಗೂ ಬಹುಮಾನ. ಹಗ್ಗ ಕಟ್ಟಿದ ಕಣದಲ್ಲಿ ಕುದುರೆಯನ್ನು ಸುತ್ತು ತಿರುಗಿಸಿ ತೋರಿಸಬೇಕು. "ನೀನೇ ನಡೆಸು ಶೀನಪ್ಪ" ಎಂದರು ಧಣಿಗಳು. ಶೀನಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲಾಯಿಲದಿಂದ ಬೆಳ್ತಂಗಡಿಯ ಬಯಲಿಗೆ ಏನು ಮಹಾ ದೂರ! ಊರಿಗೆ ಊರೇ ಬರುತ್ತದೆ, ಕಾಂತಿಯೂ ಬರುತ್ತಾಳೆ. ಒಮ್ಮೆ, ಒಂದೇ ಒಮ್ಮೆ, ಅವಳು ತನ್ನನ್ನು ಕಣ್ತುಂಬ ನೋಡಬೇಕು. ಅವಳ ನೆಂಟರ ನಡುವೆ ನಿಂತು, ಅವನು ನನ್ನವನು ಎಂದುಕೊಳ್ಳಬೇಕು. ಬಹುಮಾನ ಚಂದ್ರಿಗೆ ಬರಲಿ, ತನಗೆ ಅಷ್ಟು ಸಾಕು.

ಬಟ್ಟೆಯ ಬೇಟೆ ಶುರುವಾಯಿತು. ಮೂಡುಬಿದಿರೆಯ ಜವಳಿ ಅಂಗಡಿಯಲ್ಲಿ ಬೆಲೆ ಕೇಳಿ, ಬೇರೆ ಏನೋ ಕೆಲಸ ನೆನಪಾದವನಂತೆ ಹೊರಗೆ ಬಂದ. ಮಡಂತ್ಯಾರಿನ ಸಂತೆಯಲ್ಲಿ ಅಗ್ಗದ ಬಿಳಿ ಅಂಗಿ ತೊಟ್ಟು ನೋಡಿದ. ಅವನ ಕಪ್ಪು ಮೋರೆ ಇನ್ನಷ್ಟು ಕಪ್ಪಾಯಿತೇ ಹೊರತು ಬೇರೇನೂ ಆಗಲಿಲ್ಲ. ಖಾಕಿ ಅಂಗಿಯಲ್ಲಿ ಬಸ್ಸಿನ ಕಂಡಕ್ಟರನಂತೆ ಕಂಡ. ಒಬ್ಬಾತ ನಿಜಕ್ಕೂ ಬಂದು, "ಬಂಟ್ವಾಳದ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದ. ಕೊನೆಗೆ ಬಂಟ್ವಾಳಕ್ಕೇ ಹೋದ, ದರ್ಜಿ ಅಬ್ದುಲ್ ಶುಕೂರರ ಅಂಗಡಿಗೆ.

ಶುಕೂರರು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಮೈ ಒಳ್ಳೇದುಂಟು ಶೀನಣ್ಣ. ಕುದುರೆ ಹಿಂದೆ ಓಡಿ ಓಡಿ ಗಟ್ಟಿಯಾಗಿದೆ. ಬಟ್ಟೆಯೇ ಸರಿಯಿಲ್ಲ."

ಆ ಮಾತಿಗೇ ಶೀನಪ್ಪ ಅರ್ಧ ಸೋತುಹೋದ. ಉಳಿದರ್ಧ ಸೋತದ್ದು ಶುಕೂರರು ಕಪಾಟಿನ ಮೂಲೆಯಿಂದ ತೆಗೆದ ಬಟ್ಟೆಗೆ. ದಾಸವಾಳದಂಥ ಕೆಂಪು ಪಟ್ಟೆ, ಅಪ್ಪಟ ರೇಷ್ಮೆ. ಯಾವುದೋ ದೊಡ್ಡ ಗುತ್ತಿನ ಮನೆಯವರು, ಪಾತ್ರಿಯ ಮೈಮೇಲೆ ದೈವ ಬರುವ ನೇಮಕ್ಕೆಂದು ತರಿಸಿ, ಅಂಚು ಹೊಲಿಯಲು ಕೊಟ್ಟಿದ್ದರು. ಅಷ್ಟರಲ್ಲಿ ಮನೆಯಲ್ಲಿ ಸಾವಾಗಿ ಸೂತಕ ಬಂತು, ನೇಮ ನಿಂತಿತು. ಸೂತಕದ ನಡುವೆ ಬಿದ್ದ ಬಟ್ಟೆ ದೈವಕ್ಕೆ ಆಗದೆಂದು ಅವರು ತೆಗೆದುಕೊಂಡು ಹೋಗಲಿಲ್ಲ. ಹಾಗಾಗಿ ಕೇಳಿದ ಬೆಲೆಗೆ ಸಿಗುವಂತಿತ್ತು.

"ಆದ್ರೆ ಇದು ನಿಮ್ಮ ದೈವಕ್ಕೆ ತಂದ ಬಣ್ಣ. ಮತ್ತೆ ನಾನು ಹೇಳಲಿಲ್ಲ ಅಂತ ಆಗ್ಬಾರ್ದು."

"ದೈವಕ್ಕೆ ಮುಟ್ಟಲಿಲ್ಲ ಅಲ್ವಾ ಸಾಹೇಬ್ರೆ? ಕತ್ತರಿ ಹಾಕಿ, ಎದೆಗೆ ಸಾಲಾಗಿ ಗುಬ್ಬಿ ಹೊಲಿದ ಮೇಲೆ ಕೋಟು ಕೋಟೇ."

"ಹೆದರಿಕೆ ಇಲ್ವಾ?"

"ಹೆದರಿಕೆ ಉಂಟು" ಎಂದ ಶೀನಪ್ಪ. "ಚೆಂದವೂ ಉಂಟಲ್ಲ."

ಮುಂದಿನ ವಾರ ಕೋಟು ತೊಟ್ಟು ಅಂಗಡಿಯ ಕನ್ನಡಿಯೆದುರು ನಿಂತ. ಕನ್ನಡಿಯಲ್ಲಿ ನಿಂತವನು ಮದುಮಗ. ಆ ಕೆಂಪಿಗೆ ಅವನ ಕಪ್ಪು ಮೈಬಣ್ಣವೂ ಮಿರುಗುತ್ತಿತ್ತು. ತನ್ನ ಮದುವೆಯ ದಿನವೂ ತಾನು ಹೀಗೆ ಕಂಡಿರಲಿಲ್ಲವಲ್ಲ, ಆ ಹುಡುಗಿ ಪಾಪ ಏನನ್ನು ನೋಡಿ ಒಪ್ಪಿದಳೋ ಎಂದು ಮೊದಲ ಬಾರಿಗೆ ಅವನಿಗೆ ಅನಿಸಿತು. ಇಷ್ಟು ಆಸೆ ಹತ್ತಿದವನಿಗೆ ಬಣ್ಣ ಯಾರದ್ದು ಎಂಬುದು ಎಲ್ಲಿ ನೆನಪಿರುತ್ತದೆ?

ಹೊರಡುವ ದಿನ ಧಣಿಗಳ ಹೆಂಡತಿ ತ್ರಿಶಲಾ ಅಮ್ಮ ಕುದುರೆಯ ಕೊರಳಿಗೆ ಹಾಕಲು ಮಲ್ಲಿಗೆಯ ಮಾಲೆಯನ್ನೂ, ಧಣಿಗಳ ಹಳೆಯ ಜರಿ ಮುಂಡಾಸನ್ನೂ ಕೊಟ್ಟರು. "ಮನೆಯ ಮರ್ಯಾದೆ ಶೀನಪ್ಪ, ಚೆಂದ ಕಾಣ್ಬೇಕು" ಎಂದರು. ಅವನು ಕೋಟನ್ನು ಪೇಪರಿನಲ್ಲಿ ಸುತ್ತಿಕೊಂಡಿದ್ದ. ಯಾರಿಗೂ ತೋರಿಸಲಿಲ್ಲ. ಮೊದಲು ನೋಡಬೇಕಾದವಳು ಬೇರೆ ಇದ್ದಳು.

ಬೆಳ್ತಂಗಡಿಯ ಬಯಲಿನಲ್ಲಿ ಜನವೋ ಜನ. ಕಣದ ಒಂದು ಬದಿಗೆ ಡೋಲು, ಕೊಂಬಿನವರು ಕೂತಿದ್ದರು. ಬೇಸಿಗೆಯಿಡೀ ನೇಮಗಳಿಗೆ ಬಾರಿಸುವವರೂ ಅವರೇ. ಮೊದಲಿನ ಎರಡು ಕುದುರೆಗಳನ್ನು ಖಾಕಿ ಚಡ್ಡಿಯವರು ತಿರುಗಿಸಿದರು. ಡೋಲು ಸುಮ್ಮನೆ ಕುಟ್ಟುತ್ತಿತ್ತು, ಮಕ್ಕಳು ಶಿಳ್ಳೆ ಹಾಕಿದರು.

ಆಮೇಲೆ ಶೀನಪ್ಪ ಬಂದ. ಕೆಂಪು ಪಟ್ಟೆ, ಜರಿ ಮುಂಡಾಸು, ಮಲ್ಲಿಗೆ ತೊಟ್ಟ ಕುದುರೆ. ಡೋಲಿನವನ ಕೈ ಒಂದು ಗಳಿಗೆ ನಿಂತಿತು, ಮತ್ತೆ ಎದ್ದಾಗ ತನ್ನಷ್ಟಕ್ಕೆ ನೇಮದ ತಾಳಕ್ಕೆ ಹೊರಳಿತ್ತು. ಕೊಂಬು ಅದರ ಹಿಂದೆ ಕೂಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ಹೆಗಲಿನ ಶಾಲು ಸೊಂಟಕ್ಕೆ ಸುತ್ತಿ ಕೈಮುಗಿದರು. ಪಕ್ಕದವರು ಎದ್ದರು, ಅವರ ಹಿಂದಿನವರು ಎದ್ದರು. ದೈವದ ಕುದುರೆಯನ್ನೂ ಕರೆಸಿದ್ದಾರೆ ಎಂದು ಯಾರೋ ಅಂದದ್ದು ಸಾಲಿನುದ್ದಕ್ಕೂ ಹರಿಯಿತು. ಶಿಳ್ಳೆ ನಿಂತಿತು. ಇಡೀ ಬಯಲು ಕಣ್ಣು ತಗ್ಗಿಸಿ ನಿಂತಿತ್ತು.

ಕುದುರೆಯೊಟ್ಟಿಗೆ ತನ್ನನ್ನೂ ದೈವವೆಂದೇ ಬಗೆದಿದ್ದಾರೆಂದು ಶೀನಪ್ಪನಿಗೆ ಅರ್ಥವಾಯಿತು. ಆದರೂ ಅವನ ಕಣ್ಣು ಹುಡುಕುತ್ತಲೇ ಇತ್ತು. ಹಗ್ಗದ ಪಕ್ಕದಲ್ಲೇ, ತಾಯಿ ಕಾವೇರಮ್ಮನ ಜೊತೆ, ಕಾಂತಿ. ಮೂರು ವರ್ಷಕ್ಕೆ ಸ್ವಲ್ಪ ಸೊರಗಿದ್ದಳು. ಕೈಮುಗಿದಿದ್ದಳು. ನೋಟ ನೆಲದ ಮೇಲಿತ್ತು. ಅವನು ಹತ್ತಿರ ಬಂದಾಗ ಅವಳು ತಾಯಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಧಣಿಗಳ ಕುದುರೆಯೊಟ್ಟಿಗೆ ಇವರು ಬರ್ತಾರೆ ಅಂತ ಗ್ರಹಿಸಿದ್ದೆ. ಬರ್ಲೇ ಇಲ್ಲ ಅಲ್ವಾ ಅಮ್ಮ."

ತಡೆಯಲಾಗಲಿಲ್ಲ. "ಕಾಂತಿ" ಎಂದುಬಿಟ್ಟ.

ದೈವ ಹೆಸರು ಹಿಡಿದು ಕರೆದರೆ ಯಾರು ತಲೆ ಎತ್ತುತ್ತಾರೆ? ಡೋಲು ಗಕ್ಕನೆ ನಿಂತಿತು. ಕಾಂತಿ ತಲೆಯನ್ನು ಇನ್ನಷ್ಟು ತಗ್ಗಿಸಿದಳು. "ತಪ್ಪಾಯ್ತು ಸ್ವಾಮಿ" ಎಂದಳು, ಬಯಲಿಗೆಲ್ಲ ಕೇಳುವಂತೆ. "ನಾಲ್ಕು ಜನ ನಕ್ಕರೂಂತ ಗಂಡನನ್ನು ಬಿಟ್ಟು ಬಂದೆ. ಹೇಗಿದ್ರೂ ಹಾಗೇ ಬರ್ಲಿ ಅವರು. ಒಮ್ಮೆ ಕಳ್ಸಿಕೊಡಿ ಸ್ವಾಮಿ. ನಾನು ಕಾದು ಕಾದು ಸೋತೆ."

ಇದಕ್ಕಾಗಿ ಅವನು ಮೂರು ವರ್ಷ ಬದುಕಿದ್ದ. ಆದರೆ ಇದು ಅವಳು ತನಗೆ ಹೇಳಿದ್ದಲ್ಲ. ನಾನೇ ಮಾರಾಯ್ತಿ, ನಿನ್ನ ಶೀನಪ್ಪ, ಎನ್ನಬೇಕು. ಎಂದರೆ? ಇಷ್ಟು ಜನರೆದುರು ಮನಸ್ಸು ಬಿಚ್ಚಿದವಳನ್ನು ಇದೇ ಜನ ಸಾಯುವವರೆಗೆ ಆಡಿಕೊಂಡು ನಗುತ್ತಾರೆ. ಒಮ್ಮೆ ನಗಿಸಿದ್ದು ಸಾಕಾಗಿತ್ತು. ಅವನು ಮಾಲೆಯಿಂದ ಒಂದು ಎಳೆ ಮಲ್ಲಿಗೆ ಹರಿದು ಅವಳ ಬೊಗಸೆಗೆ ಹಾಕಿದ. ನಾಳೆ ಹಳೆಯ ಮುಂಡುಟ್ಟು ಲಾಯಿಲಕ್ಕೆ ಹೋಗುತ್ತೇನೆ, ಏನೂ ಅರಿಯದವನಂತೆ ಕರೆಯುತ್ತೇನೆ, ಅವಳು ಬರುತ್ತಾಳೆ ಎಂದುಕೊಂಡ. ಕಾಂತಿ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದಳು. ಆ ಗಳಿಗೆಯಲ್ಲಿ ಶೀನಪ್ಪನಷ್ಟು ಸುಖಿ ಬೆಳ್ತಂಗಡಿಯಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೈಕು ಕೆಮ್ಮಿತು. ತೀರ್ಪು ಕೊಡಲು ಬಂದಿದ್ದವರು ಘಟ್ಟದ ಮೇಲಿನ ದನದ ಡಾಕ್ಟರು, ಇಲ್ಲಿನ ದೈವ ಅವರಿಗೇನು ಗೊತ್ತು? "ಪ್ರಥಮ ಬಹುಮಾನ, ಮೂಡುಬಿದಿರೆಯ ಶಾಂತಿರಾಜರ ಕುದುರೆ ಚಂದ್ರಿಗೆ. ಅಂದವಾದ ಉಡುಪಿನಲ್ಲಿ ಕುದುರೆಯನ್ನು ನಡೆಸಿದ ಶೀನಪ್ಪನವರು ಮುಂದೆ ಬರಬೇಕು."

ಮುಗಿದ ಕೈಗಳು ಮುಗಿದಂತೆಯೇ ಒಂದು ಕ್ಷಣ ಉಳಿದವು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ನಗು ಕಟ್ಟೆಯೊಡೆದು ಬಂತು, ಅದರ ನಡುನಡುವೆ ಮುದುಕರ ಬೈಗುಳ.

ಕಾಂತಿ ತಲೆ ಎತ್ತಿದಳು. ಮುಂಡಾಸಿನಿಂದ ಕೋಟಿನ ಗುಬ್ಬಿಗಳವರೆಗೆ ಅವನನ್ನು ನೋಡಿದಳು, ಕಣ್ತುಂಬ ನೋಡಿದಳು. ಮುಡಿಯಿಂದ ಮಲ್ಲಿಗೆ ಕಿತ್ತು ಹಗ್ಗದ ಮೇಲೆ ಇಟ್ಟು, ನಗುವವರ ನಡುವೆ ದಾರಿ ಮಾಡಿಕೊಂಡು ನಡೆದಳು.

"ಕಾಂತಿ, ನಿಲ್ಲು ಮಾರಾಯ್ತಿ" ಎಂದು ಶೀನಪ್ಪ ಕೂಗಿದ. ಗಲಾಟೆಗೆ ಬೆದರಿದ ಚಂದ್ರಿ ಮುಂಗಾಲೆತ್ತಿ ಜಗ್ಗುತ್ತಿತ್ತು. ಸುತ್ತಲೂ ಮಕ್ಕಳಿದ್ದರು, ಲಗಾಮು ಬಿಡುವಂತಿರಲಿಲ್ಲ. ಎರಡೂ ಕೈಯಲ್ಲಿ ಕುದುರೆಯನ್ನು ಹಿಡಿದು ನಿಂತು, ಲಾಯಿಲದ ರಸ್ತೆಯಲ್ಲಿ ಅವಳು ಕಾಣದಾಗುವವರೆಗೂ ಅವನು ನೋಡಿದ.