ಕೋಟಿನ ಕೌಂಟರಿಗೆ ಕೇಳಿಸಿದ್ದು

ನನ್ನ ಅತ್ತೆ ಮೂವತ್ತೊಂದು ವರ್ಷ ಪಾಶ್ಚಾತ್ಯ ಸಂಗೀತದ ಭವನವೊಂದರಲ್ಲಿ ಕೆಲಸ ಮಾಡಿದವರು. ಹೀಗೆಂದ ಕೂಡಲೇ ಜನ ಕಣ್ಣರಳಿಸಿ, ಯಾವ ವಾದ್ಯ ನುಡಿಸುತ್ತಿದ್ದರು ಎಂದು ಕೇಳುತ್ತಾರೆ. ಅತ್ತೆ ನುಡಿಸಿದವರಲ್ಲ. ಸಭಾಂಗಣದ ಬಾಗಿಲಾಚೆಯ ಕೌಂಟರಿನಲ್ಲಿ ನಿಂತು, ಬಂದವರ ಕೋಟು, ಛತ್ರಿ ಇಸಿದುಕೊಂಡು ಟೋಕನ್ ಕೊಡುತ್ತಿದ್ದರು. ಕಾರ್ಯಕ್ರಮ ಮುಗಿದಾಗ ಟೋಕನ್ ಇಸಿದುಕೊಂಡು ಕೋಟು ಕೊಡುತ್ತಿದ್ದರು. ನಡುವಿನ ಎರಡು ಗಂಟೆ ಒಳಗೆ ನೂರು ಜನ ನುಡಿಸುತ್ತಿದ್ದರೆ ಇವರು ಹೊರಗೆ ಕೂತು ಯಾರದೋ ಕೋಟಿನ ಸಡಿಲವಾದ ಗುಂಡಿ ಹೊಲಿಯುತ್ತಿದ್ದರು. ಹೊಲಿಯಿರಿ ಎಂದು ಯಾರೂ ಹೇಳಿರಲಿಲ್ಲ. ಅವರ ಸ್ವಭಾವವೇ ಹಾಗೆ.

ಈಗ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯದೂ ಇನ್ನು ಕೆಲವೇ ತಿಂಗಳು ಎಂದು ವೈದ್ಯೆ ಹೇಳಿದ ದಿನ, ಮನೆಗೆ ಬಂದವರೇ "ನಂಗೊಂದು ಆಸೆ ಇದೆ, ನಗಬಾರದು" ಎಂದರು. ಒಂದು ಸಂಗೀತವನ್ನು ಮತ್ತೊಮ್ಮೆ ಕೇಳಬೇಕಂತೆ. ಅದು ಒಳಗೆ ನಡೆಯುತ್ತಿದ್ದಾಗಲೇ, ಅದೇ ಕೌಂಟರಿನಲ್ಲಿ ಕೆಲಸಕ್ಕಿದ್ದ ಮಾವ "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದರಂತೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು, ಜನ ನುಗ್ಗಿದರು. ಇನ್ನೂರು ಕೋಟು ಕೊಟ್ಟು ಮುಗಿಸಿದ ಮೇಲೆ ಅತ್ತೆ "ಹೂಂ" ಎಂದರಂತೆ. ಮಾವ ಹೋಗಿ ಆರು ವರ್ಷವಾಯಿತು. ಆ ಸಂಗೀತದ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ; ಹೆಸರು ಅಚ್ಚಾದ ಹಾಳೆಯನ್ನು ಟಿಕೆಟ್ ಕೊಂಡವರಿಗಷ್ಟೇ ಕೊಡುತ್ತಿದ್ದರು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಕಣ್ಣಿನ ವಿಷಯವಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ, ಕಿವಿಯದು ನನಗೆ ತಲೆಬುಡ ತಿಳಿಯದು. ಆದರೂ ದಿನಾ ಸಂಜೆ ಅತ್ತೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಅವರ ಕಿವಿಗೆಂದು ದೊಡ್ಡ ಸ್ಪೀಕರ್ ಸಿಕ್ಕಿಸಿ ಕೂರತೊಡಗಿದೆವು. ಪ್ರತಿ ಆರ್ಕೆಸ್ಟ್ರಾಕ್ಕೂ ಒಂದು ವೆಬ್‌ಸೈಟ್ ಇರುತ್ತದೆಂದು ನನಗೆ ತಿಳಿದದ್ದೇ ಆಗ. ಒಂದರಲ್ಲಿ ಇಡೀ ವೇದಿಕೆಯ ಚಿತ್ರವಿತ್ತು. ಯಾವ ಕುರ್ಚಿಯ ಮೇಲೆ ಒತ್ತಿದರೆ ಆ ಕುರ್ಚಿಯ ವಾದ್ಯ ಮಾತ್ರ ನುಡಿಯುತ್ತಿತ್ತು. ಅತ್ತೆ ಒಂದು ಕುರ್ಚಿಯನ್ನೂ ಬಿಡಲಿಲ್ಲ. ಹಿಂದಿನ ಸಾಲಿನ ಆಳೆತ್ತರದ ಪಿಟೀಲನ್ನು ಒತ್ತಿದಾಗ ಮಾತ್ರ "ಇದರ ದನಿ ಗೊತ್ತು ನಂಗೆ" ಎಂದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಗೀತ ಬರೆದವರ ಪುಟಗಳೂ ಇದ್ದವು. ಆ ಹೆಸರುಗಳಿಗೆ ನಮ್ಮಿಬ್ಬರ ನಾಲಿಗೆಯೂ ಹೊರಳದ ಕಾರಣ ಅತ್ತೆ ತಾವೇ ನಾಮಕರಣ ಮಾಡಿದರು: ಗಡ್ಡಪ್ಪ, ಸಿಡುಕಪ್ಪ, ಇಪ್ಪತ್ತು ಮಕ್ಕಳ ತಂದೆ.

"ಅಷ್ಟು ಮಕ್ಕಳಿದ್ದ ಮನೇಲಿ ಇವ್ನಿಗೆ ಬರೆಯೋಕೆ ಪುರುಸೊತ್ತು ಎಲ್ಲಿಂದ ಬಂತೇ? ಹೆಂಡ್ತಿದೊಂದು ಪುಟ ಇದ್ಯಾ ನೋಡು."

ಕಿವಿ ಹೋದ ಮೇಲೂ ಬರೆದವನ ಪುಟವನ್ನು ಎರಡು ಸಲ ಓದಿಸಿದರು.

ಹುಡುಕುವುದೇನೋ ಸರಿ, ಗುರುತೇನು? ಅತ್ತೆ ಗುನುಗುತ್ತಿದ್ದದ್ದು ಇಷ್ಟೇ: ಧೂಂ, ಧೂಂಧೂಂ, ಧೂಂ. ಫೋನಿಗೆ ಗುನುಗಿ ಕೇಳಿಸಿದರೆ ಅದೂ ಕೈ ಚೆಲ್ಲಿತು. ನೂರಾರು ವಿಡಿಯೋ ಹಾಕಿದೆವು. ಹತ್ತು ಸೆಕೆಂಡು ಕೇಳಿ, "ಇದಲ್ಲ, ಮುಂದೆ" ಎನ್ನುವರು. ಒಂದು ದಿನ ನನ್ನ ಗಂಡ ಇಣುಕಿ, "ಅಮ್ಮಾ, ಅದು ನೀನೇ ಕಟ್ಟಿಕೊಂಡಿದ್ದು ಅನ್ಸುತ್ತೆ. ಸುಮ್ನೆ ಇವಳ ತಲೆ ತಿಂತಿದೀಯ" ಎಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಅವರನ್ನು ಹೊರಗಟ್ಟಿ ತಿರುಗಿದರೆ ಅತ್ತೆಯ ಮುಖ ಸಪ್ಪಗಾಗಿತ್ತು.

"ಅವ್ನು ಹೇಳಿದ್ದೇ ನಿಜ ಇರಬಹುದೇನೇ? ಸಂಗೀತಾನೇ ಸುಳ್ಳಾದ್ರೆ, ಆವತ್ತು ನಿಮ್ಮ ಮಾವ ನನ್ನ ಕೇಳಿದ್ದೂ ಸುಳ್ಳಾ?"

ನಾನು ಮುಂದಿನ ವಿಡಿಯೋ ಹಾಕಿದೆ.

ಭಾನುವಾರ ಮಧ್ಯಾಹ್ನ ಅತ್ತೆ ತಾವೇ ಏನೋ ಒತ್ತಿಕೊಂಡು, ಬಾಗಿಲು ಮುಚ್ಚಿಕೊಂಡು, ದನಿ ಪೂರ್ತಿ ಏರಿಸಿ ಕೂತಿದ್ದರು. ನಾನು ಹೊರಗೆ ಒಗೆದ ಬಟ್ಟೆ ಮಡಚುತ್ತಿದ್ದೆ. ಧೂಂ, ಧೂಂಧೂಂ, ಧೂಂ. ಪಾಪ, ಮತ್ತೆ ಗುನುಗುತ್ತಿದ್ದಾರೆ ಎಂದುಕೊಂಡೆ. ಆದರೆ ಆ ದನಿಗೆ ಬಾಗಿಲೇ ನಡುಗುತ್ತಿತ್ತು. ಹೋಗಿ ಬಾಗಿಲು ತೆರೆದೆ. ಪಿಟೀಲು, ಕೊಳಲುಗಳೆಲ್ಲ ಒಮ್ಮೆಗೇ ಮೈಮೇಲೆ ಬಿದ್ದವು. ಧೂಂ ಎಲ್ಲೋ ಕೆಳಗೆ ಅಡಗಿಹೋಯಿತು. ಮುಚ್ಚಿದೆ. ಧೂಂ ಮತ್ತೆ ಬಂತು. ತೆರೆದೆ, ಮುಚ್ಚಿದೆ.

"ಏನೇ ಅದು, ಬಾಗಿಲ ಹತ್ರ ಆಟ?"

ನುಡಿಯುತ್ತಿದ್ದದ್ದು ಗಡ್ಡಪ್ಪನದು. ಮೂರನೆಯ ದಿನವೇ "ಇದಲ್ಲ" ಎಂದು ದಾಟಿಸಿದ್ದೆವು. ಭವನದ ದಪ್ಪ ಬಾಗಿಲನ್ನು ಪಿಟೀಲುಗಳು ದಾಟಿ ಬಂದೇ ಇರಲಿಲ್ಲ. ಬಂದದ್ದು ಹಿಂದಿನ ಸಾಲಿನ ಆ ಆಳೆತ್ತರದವುಗಳ ದನಿ ಮಾತ್ರ. ಬೇರೆಯವರ ಹಾಡಿಗೆ ಅವು ಕೊಡುತ್ತಿದ್ದ ಒತ್ತಾಸೆಯನ್ನೇ ಅತ್ತೆ ಇಷ್ಟು ವರ್ಷ ಹಾಡೆಂದು ಕಾಪಾಡಿಕೊಂಡು ಬಂದಿದ್ದರು.

ವಿವರಿಸುವಷ್ಟು ತಾಳ್ಮೆ ನನಗೆಲ್ಲಿ? ಮತ್ತೆ ಮೊದಲಿಂದ ಹಾಕಿ, ಕೈಹಿಡಿದು ಎಳೆದುಕೊಂಡು ಹೊರಗೆ ಬಂದು, ಬಾಗಿಲು ಮುಚ್ಚಿ, ಅವರ ಬಲಗಿವಿಯನ್ನು ಹಲಗೆಗೆ ಆನಿಸಿದೆ. ಅತ್ತೆ ಮೊದಲು ಗೊಣಗಿದರು. ಆಮೇಲೆ ಗೊಣಗು ನಿಂತಿತು.

"ಇದೇ" ಎಂದರು. "ಇದೇ ಕಣೇ. ನಿಜವಾಗ್ಲೂ ಇತ್ತು."

ಅವರು ಅತ್ತರು. ನಾನೂ ಅತ್ತುಬಿಟ್ಟೆ, ನನಗೇಕೆ ನಾಚಿಕೆ.

ಕೊನೆಗೆ ಒಳಗೆ ಚಪ್ಪಾಳೆ ಬಿತ್ತು. ಬಿದ್ದದ್ದೇ ತಡ, ಅತ್ತೆ ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು, ಟೋಕನ್ ಇಸಿದುಕೊಳ್ಳಲು ಕೈ ಚಾಚಿಬಿಟ್ಟರು.

"ಇವತ್ತು ಯಾರ ಕೋಟೂ ಇಲ್ಲ, ಅತ್ತೆ."

ತಮ್ಮ ಕೈಯನ್ನೇ ನೋಡಿಕೊಂಡು ನಕ್ಕರು. "ಹಂಗಾದ್ರೆ ಒಳಗೆ ಹೋಗೋಣ ಬಾ. ಇನ್ನೊಂದ್ಸಲ ಹಾಕು. ಒಳಗಿದ್ದೋರಿಗೆ ಏನು ಕೇಳಿಸ್ತಿತ್ತು, ನೋಡೇಬಿಡೋಣ."

ಹಾಸಿಗೆಯ ಮೇಲೆ ಅಕ್ಕಪಕ್ಕ ಕೂತೆವು. ಪಿಟೀಲುಗಳು ಮೇಲೇರಿದಂತೆ ಅತ್ತೆಯ ಬಾಯಿ ತೆರೆದೇ ಉಳಿಯಿತು. ಅರ್ಧ ದಾಟಿದ ಮೇಲೆ ಮೆಲ್ಲಗೆ ಹೇಳಿದರು:

"ಇಷ್ಟೆಲ್ಲ ಇತ್ತಾ ಇದರಲ್ಲಿ! ನಿಮ್ಮ ಮಾವ ಇದನ್ನ ಕೇಳಲೇ ಇಲ್ವಲ್ಲೇ."

ನಾನು ಸ್ಪೀಕರನ್ನು ಅವರ ಬಲಗಿವಿಯ ಹತ್ತಿರಕ್ಕೆ ಸರಿಸಿದೆ.